ಅಪ್ಪನ ಹೆಸರಿನ ಒತ್ತಕ್ಷರ ಮತ್ತು ಐದಾರು ಬ್ರೌಸರ್‌ಗಳು

2007ರ ಬೇಸಿಗೆ. ನಾನು ಪಿಯುಸಿ ಪರೀಕ್ಷೆ ಬರೆದು ರಿಸಲ್ಟಿಗೆ ಕಾಯುತ್ತಿದ್ದೆ. ಅಪ್ಪನಿಗೆ ಬಿತ್ತನೆ ಸಾಲಕ್ಕೆ ಬ್ಯಾಂಕಿಗೆ ಒಂದು ಹಾಳೆ ಕೊಡಬೇಕಿತ್ತು. ಅದು ಇಂಟರ್ನೆಟ್ಟಿನಲ್ಲಿ ಸಿಗುತ್ತದೆ ಅಂತ ಯಾರೋ ಹೇಳಿದ್ದರು. ಮಧುಗಿರಿ ಬಸ್ ಸ್ಟ್ಯಾಂಡಿನ ಹತ್ತಿರದ ಸೈಬರ್ ಸೆಂಟರಿಗೆ ಇಬ್ಬರೂ ಹೋದೆವು. ಹುಡುಗ ಏನೇನೋ ಒತ್ತಿದ, ಪ್ರಿಂಟರ್ ಗರಗರ ಅಂತು, ಹಾಳೆ ಬಂತು. ಅಪ್ಪ ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, "ಇದೇನ್ಲಾ ಇದು, ನನ್ನ ಹೆಸ್ರು ಮುರ್ದ್ ಹಾಕವ್ರೆ?" ಅಂದರು.

ನಮ್ಮ ಕಡೆಯ ಅರ್ಧ ಗಂಡಸರಂತೆ ಅಪ್ಪನ ಹೆಸರೂ 'ಪ್ಪ' ಅಂತ ಮುಗಿಯುತ್ತದೆ. ಹಾಳೆಯಲ್ಲಿ ಆ 'ಪ್ಪ' ಬಿಡಿಬಿಡಿಯಾಗಿತ್ತು. ಒಂದು ಪ, ಪಕ್ಕದಲ್ಲಿ ಗಾಳಿಯಲ್ಲಿ ನೇತಾಡುವ ಒಂದು ಕೊಂಬು, ಆಮೇಲೆ ಇನ್ನೊಂದು ಪ. ಹುಡುಗ ತಲೆ ಎತ್ತದೆ, "ಕಂಪ್ಯೂಟ್ರು ಹಂಗೇ ತೋರ್ಸೋದು ಯಜಮಾನ್ರೇ, ಏನೂ ಆಗಲ್ಲ ತಗಳಿ" ಅಂದ. ಆಯಿತು. ಬ್ಯಾಂಕಿನಲ್ಲಿದ್ದವರು ಪಾಸ್‌ಬುಕ್ಕಿನ ಹೆಸರಿಗೂ ಹಾಳೆಯ ಹೆಸರಿಗೂ ತಾಳೆ ಇಲ್ಲ, ತಿದ್ದಿಸಿಕೊಂಡು ಬನ್ನಿ ಅಂದರು. ತಿದ್ದಿಸಲು ಕಚೇರಿಗೆ ಹೋದರೆ ಅಲ್ಲಿಯ ಗುಮಾಸ್ತರು ತಮ್ಮ ಪರದೆ ನೋಡಿ, "ನಮ್ಮಲ್ಲಿ ಸರಿಯಾಗೇ ಇದೆಯಲ್ಲ, ಏನು ತಿದ್ದೋದು?" ಅಂದರು. ಮೂರು ಸಲ ಓಡಾಟ. ಅಷ್ಟರಲ್ಲಿ ಮಳೆ ಬಿತ್ತು. ಆ ವರ್ಷದ ಕಡ್ಲೆಕಾಯಿ ಬಿತ್ತನೆಗೆ ಅಪ್ಪ ಬಡ್ಡಿಗೆ ಕೈಸಾಲ ಮಾಡಿದರು.

ದಾಖಲೆ ಸರಿಯಾಗಿತ್ತು, ಅದನ್ನು ಓದಿ ತೋರಿಸಿದ ಬ್ರೌಸರ್‌ಗೆ ಒತ್ತಕ್ಷರ ಬರುತ್ತಿರಲಿಲ್ಲ ಅಂತ ನನಗೆ ಗೊತ್ತಾಗಿದ್ದು ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ ಎಷ್ಟೋ ದಿನದ ಮೇಲೆ.

ಇದನ್ನೆಲ್ಲ ಈಗ ಹೇಳೋಕೆ ಕಾರಣ ಇದೆ. ಆಫೀಸಿನಲ್ಲಿ ಟೀ ಕುಡಿಯುವಾಗ ಯಾವ ಬ್ರೌಸರ್ ಒಳ್ಳೆಯದು ಅಂತ ಚರ್ಚೆ ಎದ್ದರೆ ಮಾತು ಎಲ್ಲಿಗೆ ಹೋಗುತ್ತದೆ ಅಂತ ನಿಮಗೆ ಗೊತ್ತು. ಕ್ರೋಮ್ ರ‍್ಯಾಮ್ ತಿನ್ನುತ್ತೆ, ಫೈರ್‌ಫಾಕ್ಸ್ ಪ್ರೈವೆಸಿಗೆ ಒಳ್ಳೇದು, ಬ್ರೇವ್‌ನಲ್ಲಿ ಜಾಹೀರಾತು ಬರಲ್ಲ, ಎಡ್ಜ್ ಈಗ ಪರವಾಗಿಲ್ಲ ಮಾರಾಯ. ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಆದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆಯಿಂದ ನೋಡಿದರೆ ಬ್ರೌಸರ್‌ಗಳ ಚರಿತ್ರೆಯನ್ನು ಬೇರೆಯೇ ಅಳತೆಗೋಲಿನಿಂದ ಬರೆಯಬೇಕಾಗುತ್ತದೆ. ಅಲ್ಲಿ ಕೇಳಬೇಕಾದ ಪ್ರಶ್ನೆ ಮೂರೇ. ಇದರಲ್ಲಿ ಕನ್ನಡ ಸರಿಯಾಗಿ ಕಾಣುತ್ತಾ? ಸರ್ಕಾರಿ ಪುಟ ತೆರೆಯುತ್ತಾ? ಬಡ ಫೋನಿನಲ್ಲಿ, ಬಡಕಲು ಸಿಗ್ನಲ್ಲಿನಲ್ಲಿ ಓಡುತ್ತಾ?

ಮೊದಲ ಪ್ರಶ್ನೆಯಿಂದ ಶುರು ಮಾಡೋಣ. ಅದಕ್ಕೆ ಈ ನಾಲ್ಕು ಊರುಗಳ ಹೆಸರೇ ಪರೀಕ್ಷೆ.

ಕಂಪ್ಯೂಟರ್ ಕನ್ನಡವನ್ನು ನಾವು ಬರೆಯುವ ಹಾಗೆ ಇಡುವುದಿಲ್ಲ. 'ಗಿ' ಅಂದರೆ ಅದಕ್ಕೆ ಒಂದು ಗ, ಅದರ ಹಿಂದೆ ಒಂದು ಗುಡಿಸು, ಎರಡು ಬೇರೆ ಬೇರೆ ಸಂಕೇತ. ಎರಡನ್ನೂ ಸೇರಿಸಿ ಒಂದು ಅಕ್ಷರದ ಆಕಾರ ಕೊಡುವ ಕೆಲಸ ಪರದೆಗೆ ಬರೆಯುವ ಹೊತ್ತಿನಲ್ಲಿ ಆಗಬೇಕು. ಇಂಗ್ಲಿಷಿಗೆ ಈ ತಾಪತ್ರಯ ಇಲ್ಲವಾದ್ದರಿಂದ ಬ್ರೌಸರ್ ಕಟ್ಟಿದವರಿಗೆ ಇದು ಬಹುಕಾಲ ಮುಖ್ಯ ಅನ್ನಿಸಲೂ ಇಲ್ಲ. ಈ ಜೋಡಣೆ ಬಾರದ ಬ್ರೌಸರ್‌ನಲ್ಲಿ ಪಾವಗಡ ಹೆಚ್ಚುಕಮ್ಮಿ ಬಚಾವಾಗುತ್ತದೆ, 'ಪಾ' ಮಾತ್ರ ಒಡೆಯುತ್ತದೆ. ಮಧುಗಿರಿಯಲ್ಲಿ 'ಮಧು' ಉಳಿದು 'ಗಿರಿ' ಕುಸಿಯುತ್ತದೆ. ಕೊರಟಗೆರೆಯಲ್ಲಿ ಉಳಿಯುವುದು ರ, ಟ ಎರಡೇ. ಶಿರಾದ ಕಥೆ ಅದಕ್ಕಿಂತ ಕಷ್ಟ, ಇರೋ ಎರಡು ಅಕ್ಷರವೂ ಮುರಿಯುತ್ತವೆ. ಮಧುಗಿರಿಗೆ ಹಳೆಯ ಹೆಸರು ಮದ್ದಗಿರಿಯೇ ಉಳಿದಿದ್ದರೆ 'ದ್ದ' ಕೂಡ ಬೀದಿಗೆ ಬೀಳುತ್ತಿತ್ತು.

ಇವೆಲ್ಲ ಪ್ರಿಲಿಮ್ಸ್ ಅಂದುಕೊಳ್ಳಿ. ಮೇನ್ಸ್ ಬೇಕಾದರೆ ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲು ಇದೆ. ಮೊದಲಲ್ಲೇ 'ಕ್ಯಾ', ಕೊನೆಯಲ್ಲಿ 'ರ್ಲು'. ಆ ಅರ್ಕಾವತ್ತನ್ನು ಕಂಪ್ಯೂಟರ್ ಒಳಗೆ ಮೊದಲು ಇಟ್ಟುಕೊಂಡು, ಹೊರಗೆ ಅಕ್ಷರದ ಕೊನೆಯಲ್ಲಿ ತೋರಿಸಬೇಕು. ಒಂದು ಕಾಲದಲ್ಲಿ ಈ ಊರಿನ ಹೆಸರನ್ನು ನೆಟ್ಟಗೆ ಬರೆದು ತೋರಿಸುವ ಬ್ರೌಸರ್ ಸಿಗುವುದೇ ಅಪರೂಪವಾಗಿತ್ತು.

ಹಿಂದಕ್ಕೆ ಹೋಗೋಣ. 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮೊಸಾಯಿಕ್ ಅನ್ನುವ ಬ್ರೌಸರ್ ಬಂತು. ಅದನ್ನು ಕಟ್ಟಿದವರಲ್ಲಿ ಕೆಲವರೇ ಹೊರಬಂದು 1994ರ ಕೊನೆಗೆ ನೆಟ್‌ಸ್ಕೇಪ್ ತಂದರು. 1995ರ ಆಗಸ್ಟಿನಲ್ಲಿ ಮೈಕ್ರೋಸಾಫ್ಟಿನ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಂತು. ಅದೇ ತಿಂಗಳ 15ರಂದು ನಮ್ಮ ದೇಶದ ಜನಸಾಮಾನ್ಯರಿಗೆ ವಿಎಸ್‌ಎನ್‌ಎಲ್ ಮೂಲಕ ಇಂಟರ್ನೆಟ್ ಸಿಗತೊಡಗಿತು, ಅದೂ ಕೆಲವೇ ಮಹಾನಗರಗಳಲ್ಲಿ. ಶಿರಾದಲ್ಲೋ ಪಾವಗಡದಲ್ಲೋ ಆಗ ಎಸ್‌ಟಿಡಿ ಬೂತ್ ಇದ್ದರೆ ಅದೇ ದೊಡ್ಡದು.

ಕನ್ನಡಕ್ಕೆ ಯೂನಿಕೋಡಿನಲ್ಲಿ ಜಾಗ ಸಿಕ್ಕಿದ್ದು 1991ರಲ್ಲೇ. ಜಾಗ ಇತ್ತು, ಮನೆ ಕಟ್ಟುವವರು ಇರಲಿಲ್ಲ. ಹಾಗಾಗಿ ಮೊದಲ ಕನ್ನಡ ಪುಟಗಳು ಒಂದು ಉಪಾಯ ಹೂಡಿದವು. ಇಂಗ್ಲಿಷ್ ಅಕ್ಷರಗಳಿದ್ದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟ್ ಮಾಡುವುದು, ಓದುವವನಿಗೂ ಅದೇ ಫಾಂಟ್ ಹಾಕಿಕೋ ಅನ್ನುವುದು. ಯು. ಬಿ. ಪವನಜ ಅವರು 1996ರಲ್ಲಿ ತಂದ 'ವಿಶ್ವಕನ್ನಡ' ಅಂತರಜಾಲದ ಮೊದಲ ಕನ್ನಡ ಪತ್ರಿಕೆ. 1998ರಲ್ಲಿ ಶೇಷಾದ್ರಿ ವಾಸು ಅವರ 'ಬರಹ' ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದು ಸರ್ಕಾರಿ ಕಚೇರಿಗಳಿಗೆಲ್ಲ ಹಬ್ಬಿತು. ಫಾಂಟ್ ಇದ್ದವರಿಗೆ ಅದು ಕನ್ನಡ. ಇಲ್ಲದವರಿಗೆ ಅದೇ ಪುಟ ಯುರೋಪಿನ ಚಿತ್ರವಿಚಿತ್ರ ಅಕ್ಷರಗಳ ಸಂತೆ.

ಬ್ರೌಸರ್‌ಗಳ ಹೋಲಿಕೆ ಕನ್ನಡಿಗರಿಗೆ ಮೊದಲು ತಟ್ಟಿದ್ದು ಇಲ್ಲಿಯೇ. 1997ರ ಹೊತ್ತಿಗೆ ಪುಟದ ಜೊತೆಗೇ ಫಾಂಟ್ ಕಳಿಸುವ ವಿದ್ಯೆ ಬಂತು. ಆದರೆ ನೆಟ್‌ಸ್ಕೇಪಿನ ವಿಧಾನ ಒಂದು, ಎಕ್ಸ್‌ಪ್ಲೋರರಿನದು ಇನ್ನೊಂದು. ಒಂದರ ಫಾಂಟ್ ಇನ್ನೊಂದಕ್ಕೆ ಆಗುತ್ತಿರಲಿಲ್ಲ. ಕನ್ನಡ ಪುಟ ಮಾಡುವವರು ಎರಡಕ್ಕೂ ಬೇರೆ ಬೇರೆ ಕಡತ ತಯಾರಿಸಬೇಕು, ಇಲ್ಲ ಒಂದು ಬ್ರೌಸರಿನವರನ್ನು ಕೈಬಿಡಬೇಕು. ಸೊರಗುತ್ತಿದ್ದ ನೆಟ್‌ಸ್ಕೇಪನ್ನು ಬಹಳ ಜನ ಕೈಬಿಟ್ಟರು.

ಈ ನಡುವೆ ನಮ್ಮ ತಾಲ್ಲೂಕುಗಳಿಗೆ ಕಂಪ್ಯೂಟರ್ ಬಂದೇ ಬಂತು, ಆದರೆ ಬ್ರೌಸರ್ ಜೊತೆಗಲ್ಲ, ಪಹಣಿ ಜೊತೆಗೆ. 2000ದಿಂದ 2002ರೊಳಗೆ 'ಭೂಮಿ' ಯೋಜನೆ ರಾಜ್ಯದ ಎಲ್ಲ ತಾಲ್ಲೂಕುಗಳನ್ನೂ ಮುಟ್ಟಿತು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಸೇರಿದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ. ಅದಕ್ಕೆ ಮೊದಲು ಶ್ಯಾನುಭೋಗರ ಕಾಲದಿಂದಲೂ, ಆಮೇಲೆ ಗ್ರಾಮ ಲೆಕ್ಕಿಗರ ಕಾಲದಲ್ಲೂ, ಕೈಬರಹದ ಪಹಣಿಗೆ ಎಷ್ಟು ದಿನ, ಎಷ್ಟು ಖರ್ಚು, ಎಷ್ಟು ನಮಸ್ಕಾರ ಅನ್ನುವುದು ಹಳ್ಳಿಯಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ. ಭೂಮಿಯ ಮೊದಲ ದಿನಗಳಲ್ಲಿ ರೈತ ಮತ್ತು ದಾಖಲೆಯ ನಡುವೆ ಬ್ರೌಸರ್ ಇರಲಿಲ್ಲ. ಕಚೇರಿಯ ಕಂಪ್ಯೂಟರಿನಲ್ಲೇ ಫಾಂಟ್, ಅಲ್ಲೇ ಪ್ರಿಂಟ್. ಅಕ್ಷರ ಒಡೆಯುವ ಪ್ರಶ್ನೆ ಬಂದಿದ್ದು ದಾಖಲೆಗಳು ಕಚೇರಿಯಿಂದ ಹೊರಬಿದ್ದು ವೆಬ್ಬಿಗೆ ಬಂದಾಗ, ಯಾರದೋ ಅಂಗಡಿಯ ಯಾವುದೋ ಕಂಪ್ಯೂಟರಿನಲ್ಲಿ ಅವನ್ನು ತೆರೆದಾಗ.

ಆ ಅಂಗಡಿಗಳಲ್ಲಿ ಏನಿರುತ್ತಿತ್ತು? ವಿಂಡೋಸ್ ಎಕ್ಸ್‌ಪಿ, ಅದರೊಳಗೆ ಎಕ್ಸ್‌ಪ್ಲೋರರ್ 6. ಎರಡೂ 2001ರವು. ಪ್ರಪಂಚದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ಆಗ ಎಕ್ಸ್‌ಪ್ಲೋರರ್ ಬಳಸುತ್ತಿದ್ದರು. ಎದುರಾಳಿಯೇ ಇಲ್ಲವಲ್ಲ ಅಂತ ಮೈಕ್ರೋಸಾಫ್ಟ್ ಐದು ವರ್ಷ ಹೊಸ ಆವೃತ್ತಿಯನ್ನೇ ತರಲಿಲ್ಲ, 7 ಬಂದಿದ್ದು 2006ಕ್ಕೆ. ಪಾಪ, ಎಕ್ಸ್‌ಪಿಗೆ ನಿಜವಾದ ಯೂನಿಕೋಡ್ ಕನ್ನಡ ಬರುತ್ತಿತ್ತು. 'ತುಂಗಾ' ಅನ್ನುವ ಫಾಂಟ್ ಕೂಡ ಜೊತೆಗೇ ಇತ್ತು. ಆದರೆ ಅಕ್ಷರ ಜೋಡಿಸುವ ಭಾಗವನ್ನು ಬೇರೆಯಾಗಿ ಹಾಕಿಕೊಳ್ಳಬೇಕಿತ್ತು. ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ, ಭಾಷೆಗಳ ಕಿಟಕಿ ತೆರೆದು, ಅಲ್ಲೊಂದು ಚೌಕಕ್ಕೆ ಟಿಕ್ ಹಾಕಿದರೆ ಅದು ಎಕ್ಸ್‌ಪಿ ಸೀಡಿ ಕೇಳುತ್ತಿತ್ತು. ಕಂಪ್ಯೂಟರ್ ಜೋಡಿಸಿಕೊಟ್ಟವನು ಸೀಡಿ ಎಲ್ಲಿ ಕೊಟ್ಟಿರುತ್ತಾನೆ ಹೇಳಿ? ಹಾಗಾಗಿ ಒಂದೇ ಬೀದಿಯ ಎರಡು ಅಂಗಡಿಗಳಲ್ಲಿ, ಒಂದೇ ಬ್ರೌಸರಿನ ಒಂದೇ ಆವೃತ್ತಿಯಲ್ಲಿ, ಒಂದು ಕಡೆ ಕನ್ನಡ ನೆಟ್ಟಗೆ, ಇನ್ನೊಂದು ಕಡೆ ಮುರುಕು.

ಎಕ್ಸ್‌ಪಿಯಲ್ಲಿ ಕನ್ನಡದ ಫಾಂಟಿಗೆ ತುಂಗಾ ಅಂತ ಹೆಸರಿದ್ದರೆ ತೆಲುಗಿನದಕ್ಕೆ ಗೌತಮಿ, ಅಂದರೆ ಗೋದಾವರಿ. ಮೂರು ಕಡೆ ಆಂಧ್ರ ಸುತ್ತಿಕೊಂಡಿರುವ, ಮನೆಯಲ್ಲಿ ತೆಲುಗು ಶಾಲೆಯಲ್ಲಿ ಕನ್ನಡ ಅನ್ನುವ, ಕುಡಿಯುವ ನೀರಿಗೆ ಬಾಯಿಬಿಡುವ ಪಾವಗಡಕ್ಕೆ ಎರಡೂ ನದಿಗಳು ಮೊದಲು ಬಂದಿದ್ದು ಫಾಂಟುಗಳಾಗಿ!

ಎಕ್ಸ್‌ಪ್ಲೋರರ್ ನಿದ್ದೆ ಮಾಡುತ್ತಿದ್ದಾಗ 2004ರ ನವೆಂಬರಿನಲ್ಲಿ ಫೈರ್‌ಫಾಕ್ಸ್ 1.0 ಬಂತು. ಸತ್ತುಹೋದ ನೆಟ್‌ಸ್ಕೇಪಿನ ಕಂಪನಿ 1998ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದ ಕೋಡಿನಿಂದ ಹುಟ್ಟಿದ ಮಗು ಅದು. ಟ್ಯಾಬ್‌ಗಳು, ಕೆರಳಿಸುವ ಪಾಪ್-ಅಪ್‌ಗಳಿಗೆ ತಡೆ, ಬೇಕಾದ ಆಡ್-ಆನ್. ನಾವೆಲ್ಲ ಕಾಲೇಜಿನಲ್ಲಿ ಅದರ ಹಿಂದೆ ಬಿದ್ದೆವು. ಆದರೆ ಕನ್ನಡದ ಲೆಕ್ಕದಲ್ಲಿ ಆಗ ಎಕ್ಸ್‌ಪ್ಲೋರರೇ ಮುಂದಿತ್ತು ಅಂತ ಒಪ್ಪಿಕೊಳ್ಳಬೇಕು. ಫೈರ್‌ಫಾಕ್ಸ್ 2ರವರೆಗೆ ಒಂದು ವಿಚಿತ್ರ ದೋಷ ಇತ್ತು. ಪುಟ ಮಾಡಿದವನು ಸಾಲುಗಳ ಎರಡೂ ಅಂಚು ಸಮ ಇರಲಿ ಅಂತ ಹೇಳಿದ್ದರೆ, ಬ್ರೌಸರ್ ಅಕ್ಷರಗಳ ನಡುವಿನ ಜಾಗ ಹೊಂದಿಸಲು ಹೋಗಿ ಭಾರತೀಯ ಲಿಪಿಗಳ ಜೋಡಣೆಯನ್ನೇ ಬಿಚ್ಚಿಹಾಕುತ್ತಿತ್ತು. ಎಡಕ್ಕೆ ಒತ್ತಿ ಬರೆದ ಪ್ಯಾರಾ ಸರಿ, ಅಂದವಾಗಿ ಎರಡೂ ಕಡೆ ಸಮ ಮಾಡಿದ ಪ್ಯಾರಾ ಪುಡಿಪುಡಿ. ಲಿನಕ್ಸಿನಲ್ಲಾದರೆ ಅಕ್ಷರ ಜೋಡಿಸುವ ಭಾಗವನ್ನು ಪ್ರತ್ಯೇಕವಾಗಿ ಚಾಲೂ ಮಾಡಿಕೊಳ್ಳಬೇಕಿತ್ತು. 2008ರ ಜೂನಿನಲ್ಲಿ ಬಂದ ಫೈರ್‌ಫಾಕ್ಸ್ 3ರಲ್ಲಿ ಈ ರಗಳೆ ತೀರಿತು. ಒಂದೇ ದಿನದಲ್ಲಿ 80 ಲಕ್ಷ ಡೌನ್‌ಲೋಡ್ ಆಗಿ ಗಿನ್ನೆಸ್ ದಾಖಲೆ ಮಾಡಿದ ಆವೃತ್ತಿ ಅದು. ಪತ್ರಿಕೆಗಳು ಬರೆದಿದ್ದು ದಾಖಲೆಯ ಬಗ್ಗೆ. ಶಿರಾದ ಎರಡೂ ಅಕ್ಷರ ಸರಿಯಾಗಿದ್ದು ಯಾರಿಗೂ ಸುದ್ದಿ ಅನ್ನಿಸಲಿಲ್ಲ.

ಅದೇ ವರ್ಷ ಸೆಪ್ಟೆಂಬರ್ 2ಕ್ಕೆ ಗೂಗಲ್ ಕ್ರೋಮ್ ಬಂತು. ಒಂದು ಕಾಮಿಕ್ ಪುಸ್ತಕದ ಮೂಲಕ ತನ್ನನ್ನು ಪರಿಚಯ ಮಾಡಿಕೊಂಡ ಬ್ರೌಸರ್. ಪ್ರತಿ ಟ್ಯಾಬನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿದ್ದು ಅದರ ಮುಖ್ಯ ಯೋಚನೆ. ಒಂದು ಪುಟ ಕೆಟ್ಟು ಕೂತರೆ ಉಳಿದವು ನಡೆಯುತ್ತಿರುತ್ತವೆ. ನೀವು ಇವತ್ತು ಬೈಯುವ ರ‍್ಯಾಮ್ ಖರ್ಚು ಆ ಕೋಣೆಗಳ ಬಾಡಿಗೆ. ಗೋಡೆ ಇಲ್ಲದ ಹಳೆಯ ಬ್ರೌಸರ್‌ಗಳಲ್ಲಿ ಒಂದು ಪುಟ ಹ್ಯಾಂಗ್ ಆದರೆ ಅರ್ಧ ಗಂಟೆ ತುಂಬಿಸಿದ ಅರ್ಜಿಯೂ ಜೊತೆಗೇ ಹೋಗುತ್ತಿತ್ತು. ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟು ಕೂತವರಿಗೆ ಆ ಬಾಡಿಗೆಯ ಬೆಲೆ ಗೊತ್ತು.

ಬೆಂಗಳೂರಿನಿಂದಲೂ ಒಂದು ಪ್ರಯತ್ನ ನಡೆಯಿತು. 2010ರಲ್ಲಿ ಹಿಡನ್ ರಿಫ್ಲೆಕ್ಸ್ ಅನ್ನುವ ಇಲ್ಲಿನ ಕಂಪನಿ 'ಎಪಿಕ್' ತಂದಿತು. ಫೈರ್‌ಫಾಕ್ಸಿನ ತಳಹದಿ, ಒಳಗೇ ಆಂಟಿವೈರಸ್, ಭಾರತೀಯ ಭಾಷೆಗಳಲ್ಲಿ ಬರೆಯುವ ಸೌಲಭ್ಯ. ಮೂರು ವರ್ಷದಲ್ಲಿ ಅದೂ ದಾರಿ ಬದಲಿಸಿ, ಕ್ರೋಮಿನ ತಳಹದಿಗೆ ಹೋಗಿ ಪ್ರೈವೆಸಿ ಬ್ರೌಸರ್ ಆಯಿತು.

ಇಷ್ಟೆಲ್ಲ ಒಳ್ಳೊಳ್ಳೆ ಬ್ರೌಸರ್ ಬಂದ ಮೇಲೂ ಸೈಬರ್ ಸೆಂಟರ್‌ಗಳಲ್ಲಿ ಎಕ್ಸ್‌ಪ್ಲೋರರ್ ಯಾಕೆ ಸಾಯಲಿಲ್ಲ? ಇಲ್ಲಿ ಬರುತ್ತದೆ ಎರಡನೇ ಪ್ರಶ್ನೆ, ಸರ್ಕಾರಿ ಪುಟ. ದೇಶದ ಎಷ್ಟೋ ಸರ್ಕಾರಿ ತಾಣಗಳ ಅಡಿಯಲ್ಲಿ, ಈ ಪುಟ ಇಂಟರ್ನೆಟ್ ಎಕ್ಸ್‌ಪ್ಲೋರರಿನಲ್ಲಿ ಚೆನ್ನಾಗಿ ಕಾಣುತ್ತದೆ ಅನ್ನುವ ಸಾಲು ವರ್ಷಗಟ್ಟಲೆ ಇತ್ತು. ಅದು ಬರೀ ಸಲಹೆ ಆಗಿರಲಿಲ್ಲ. ಡಿಜಿಟಲ್ ಸಹಿ, ಬೆರಳಚ್ಚಿನ ಯಂತ್ರ, ಸ್ಕ್ಯಾನರ್ ಇವುಗಳ ಜೊತೆ ಮಾತಾಡಲು ಆ ಪುಟಗಳು ಆಕ್ಟಿವ್‌ಎಕ್ಸ್ ಅನ್ನುವ, ಎಕ್ಸ್‌ಪ್ಲೋರರಿಗಷ್ಟೇ ಇದ್ದ ಒಂದು ಸಾಧನವನ್ನೋ, ಜಾವಾ ಪ್ಲಗಿನ್ನನ್ನೋ ನೆಚ್ಚಿಕೊಂಡಿದ್ದವು. ಜಾವಾ ಥರದ ಪ್ಲಗಿನ್‌ಗಳಿಗೆ ಕ್ರೋಮ್ 2015ರಲ್ಲಿ, ಫೈರ್‌ಫಾಕ್ಸ್ 2017ರಲ್ಲಿ ಬಾಗಿಲು ಹಾಕಿದವು. ಭದ್ರತೆಯ ದೃಷ್ಟಿಯಿಂದ ಒಳ್ಳೆಯ ಕೆಲಸವೇ. ಆದರೆ ಆ ಪುಟಗಳನ್ನು ಹೊಸದಾಗಿ ಬರೆಯುವವರೆಗೆ ಅವಕ್ಕೆ ಹಳೆ ಎಕ್ಸ್‌ಪ್ಲೋರರೇ ಗತಿ. ಹೀಗಾಗಿ ನಮ್ಮ ಊರಿನ ಅಂಗಡಿಗಳಲ್ಲಿ ಒಂದು ಕಂಪ್ಯೂಟರನ್ನು ಮುಟ್ಟದೆ ಹಾಗೇ ಇಟ್ಟುಕೊಂಡಿರುತ್ತಿದ್ದರು. "ಅದನ್ನ ಅಪ್‌ಡೇಟ್ ಮಾಡ್ಬೇಡ್ರಪ್ಪ, ಅದ್ರಾಗೆ ಮಾತ್ರ ಅರ್ಜಿ ಹೋಗೋದು!" ನಾವು ನಗರದಲ್ಲಿ ಎಕ್ಸ್‌ಪ್ಲೋರರ್ ಮೇಲೆ ಮೀಮ್ ಮಾಡಿ ನಗುತ್ತಿದ್ದಾಗ, ಅಲ್ಲಿ ಆ ನೀಲಿ ಅಕ್ಷರದ ಮುಂದೆ ಜನ ಸರದಿ ನಿಂತಿದ್ದರು. 2022ರ ಜೂನ್ 15ಕ್ಕೆ ಮೈಕ್ರೋಸಾಫ್ಟ್ ಅದಕ್ಕೆ ಅಧಿಕೃತವಾಗಿ ತೆರೆ ಎಳೆಯಿತು.

ಮೂರನೇ ಪ್ರಶ್ನೆ ಫೋನಿನದ್ದು. ನಾಲ್ಕು ತಾಲ್ಲೂಕಿನ ಬಹುಪಾಲು ಜನ ಕಂಪ್ಯೂಟರಿನ ಬ್ರೌಸರ್ ಬಳಸಲೇ ಇಲ್ಲ, ನೇರವಾಗಿ ಫೋನಿಗೆ ಬಂದರು. ಅಲ್ಲಿಯ ಮೊದಲ ನಾಯಕ ಒಪೇರಾ ಮಿನಿ. 2006ರಿಂದ ಎಲ್ಲರಿಗೂ ಸಿಗತೊಡಗಿದ ಪುಟಾಣಿ ಬ್ರೌಸರ್. ಅದರ ಗುಟ್ಟು ಸರಳ. ಪುಟವನ್ನು ಮೊದಲು ಕಂಪನಿಯ ಸರ್ವರ್ ತರಿಸಿಕೊಂಡು, ಹಿಂಡಿ ಚಿಕ್ಕದು ಮಾಡಿ, ಹತ್ತರಲ್ಲಿ ಒಂದು ಭಾಗಕ್ಕೆ ಇಳಿಸಿ ಫೋನಿಗೆ ಕಳಿಸುತ್ತಿತ್ತು. ಟೂಜಿ ಸಿಗ್ನಲ್ಲಿಗೆ ಅದು ವರ.

ಆದರೆ ಆಗಿನ ಹೆಚ್ಚಿನ ಫೋನುಗಳಲ್ಲಿ ಕನ್ನಡ ಫಾಂಟೇ ಇರಲಿಲ್ಲ. ಕನ್ನಡ ಪುಟ ತೆರೆದರೆ ಬರೀ ಚೌಕಗಳು, ಮಂಡಕ್ಕಿ ಚೆಲ್ಲಿದ ಹಾಗೆ. ಅದಕ್ಕೂ ಒಪೇರಾ ಮಿನಿಯಲ್ಲಿ ಮದ್ದಿತ್ತು. ವಿಳಾಸದ ಜಾಗದಲ್ಲಿ 'ಒಪೇರಾ', ಕೋಲನ್, 'ಕಾನ್ಫಿಗ್' ಅಂತ ಇಂಗ್ಲಿಷಿನಲ್ಲಿ ಬರೆದರೆ ಒಂದು ಗುಪ್ತ ಪುಟ ತೆರೆಯುತ್ತಿತ್ತು. ಅದರ ಕೊನೆಯಲ್ಲಿ ಜಟಿಲ ಲಿಪಿಗಳಿಗೆ ಚಿತ್ರದ ಅಕ್ಷರ ಬಳಸಲೇ ಅಂತ ಒಂದು ಪ್ರಶ್ನೆ. ಹೌದು ಅಂದರೆ ಸರ್ವರ್ ಕನ್ನಡವನ್ನು ತಾನೇ ಓದಿ, ಚಿತ್ರ ಬರೆದು ಕಳಿಸುತ್ತಿತ್ತು. ಸಣ್ಣ ಫೋನಿನಲ್ಲಿ ಕನ್ನಡ ಸುದ್ದಿ ಓದಬೇಕೆನ್ನುವವರು ಈ ವಿದ್ಯೆಯನ್ನು ಒಬ್ಬರಿಗೊಬ್ಬರು ಮಂತ್ರದ ಹಾಗೆ ಹೇಳಿಕೊಟ್ಟರು. ಚಿತ್ರವಾದ್ದರಿಂದ ಪುಟ ಭಾರ ಆಗುತ್ತಿತ್ತು, ಅಕ್ಷರ ಕಾಪಿ ಮಾಡೋಕೆ ಆಗುತ್ತಿರಲಿಲ್ಲ. ಆದರೂ ಓದಬಹುದಿತ್ತಲ್ಲ! ಫೋನ್ ಕಟ್ಟಿದವರು ಕೊಡದ ಕನ್ನಡವನ್ನು ದೂರದ ನಾರ್ವೆಯ ಒಂದು ಕಂಪನಿ ಹಿಂಬಾಗಿಲಿನಿಂದ ತಂದುಕೊಟ್ಟಿತ್ತು.

ಆಂಡ್ರಾಯ್ಡ್ ಕೂಡ ಮೊದಮೊದಲು ಕನ್ನಡ ಅರಿಯದ ಮಗುವೇ. 2012ರ 4.1 ಆವೃತ್ತಿಯಲ್ಲಿ ಕನ್ನಡ, ತೆಲುಗು, ಮಲಯಾಳಂ ಸೇರಿದವು. ಅಲ್ಲಿಂದ ಫೋನಿನ ಬ್ರೌಸರ್‌ಗಳಿಗೆ ಅಕ್ಷರದ ಚಿಂತೆ ತಪ್ಪಿತು, ಪೈಪೋಟಿ ಡೇಟಾ ಉಳಿಸುವುದಕ್ಕೆ ತಿರುಗಿತು. ಅದರಲ್ಲಿ ಗೆದ್ದಿದ್ದು ಚೀನಾದ ಯುಸಿ ಬ್ರೌಸರ್. ಭಾರತದ ಮೊಬೈಲುಗಳಲ್ಲಿ ಒಂದು ಕಾಲಕ್ಕೆ ಅದೇ ಮೊದಲ ಸ್ಥಾನದಲ್ಲಿತ್ತು. ನಡುವೆ ನಿಂತ ಡೌನ್‌ಲೋಡನ್ನು ಬಿಟ್ಟಲ್ಲಿಂದ ಮುಂದುವರಿಸುವುದು ಅದರ ಹೆಗ್ಗಳಿಕೆ. ಬಸ್ ಕೊರಟಗೆರೆ ದಾಟಿ ಬೆಟ್ಟಗುಡ್ಡದ ಮರೆಗೆ ಬಂದಾಗ ಹೋದ ಸಿಗ್ನಲ್, ಮಧುಗಿರಿಯ ಏಕಶಿಲೆ ಕಾಣುವ ಹೊತ್ತಿಗೆ ಮರಳಿದರೆ, ಹಾಡು ನಿಂತಲ್ಲಿಂದಲೇ ಇಳಿಯುತ್ತಿತ್ತು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಆಪ್‌ಗಳಲ್ಲಿ ಅದೂ ಒಂದು. ಅಷ್ಟರಲ್ಲಿ 2016ರ ಜಿಯೋ ಬಂದು ಡೇಟಾ ಅಗ್ಗವಾಗಿ, ಉಳಿಸುವ ವಿದ್ಯೆಗೇ ಬೆಲೆ ಕಡಿಮೆಯಾಗಿತ್ತು.

2017ರ ಜಿಯೋಫೋನ್ ನೆನಪಿದೆಯಲ್ಲ? ಕೀಲಿಗಳಿದ್ದ, ಕುರಿ ಕಾಯುವವರ ಜೇಬಿನಲ್ಲೂ ಇದ್ದ ಫೋನ್. ಅದರೊಳಗಿನ ಕೈಒಎಸ್ ಹುಟ್ಟಿದ್ದು ಫೈರ್‌ಫಾಕ್ಸ್ ಕಂಪನಿ ಕೈಬಿಟ್ಟ ಫೋನ್ ವ್ಯವಸ್ಥೆಯಿಂದ. ಅಂದರೆ ನಾವು ಕಾಲೇಜಿನಲ್ಲಿ ಹೆಮ್ಮೆಯಿಂದ ಹಾಕಿಕೊಂಡ ಫೈರ್‌ಫಾಕ್ಸಿನ ಎಂಜಿನ್, ಯಾರೂ ಹೆಸರು ಹೇಳದೆಯೇ, ಪಾವಗಡದ ಹೊಲಗಳನ್ನು ಹೊಕ್ಕಿತ್ತು.

ಆ ಹೊಲಗಳಲ್ಲಿ ಆಗ ಇನ್ನೊಂದು ದೊಡ್ಡ ಸಂಗತಿ ನಡೆಯುತ್ತಿತ್ತು. ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು, ಈ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ವಿದ್ಯುತ್ ಪಾರ್ಕ್ ಎದ್ದಿತು. 2018ರ ಮಾರ್ಚ್ 1ರಂದು ಉದ್ಘಾಟನೆ. ಇಲ್ಲಿ ಜಮೀನನ್ನು ಕೊಂಡುಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆದರು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಗುತ್ತಿಗೆ ಹಣ ಸೇರುವುದು ದಾಖಲೆಯಲ್ಲಿ ಹೆಸರಿದ್ದವರ ಕೈಗೆ. ದಾಖಲೆಯ ಒಂದೊಂದು ಅಕ್ಷರಕ್ಕೂ ಎಂಥ ಬೆಲೆ ಅನ್ನುವುದು ಕೂಲಿಗಾಗಿ ಬೆಂಗಳೂರಿಗೆ ಗುಳೆ ಹೋದವರಿಗೂ ಆಗ ತಿಳಿಯಿತು.

ಇಷ್ಟು ಹೇಳಿ ಈಗಿನ ಹೋಲಿಕೆ ಮಾಡದೆ ಹೋದರೆ ನೀವು ಬಿಡುವುದಿಲ್ಲ. ಸಂತೋಷದ ಸುದ್ದಿ ಮೊದಲು. ಕ್ರೋಮ್, ಫೈರ್‌ಫಾಕ್ಸ್ ಎರಡೂ ಇವತ್ತು ಅಕ್ಷರ ಜೋಡಿಸಲು ಹಾರ್ಫ್‌ಬಝ್ ಅನ್ನುವ ಒಂದೇ ಮುಕ್ತ ತಂತ್ರಾಂಶ ಬಳಸುತ್ತವೆ, ಕ್ಯಾತಗಾನಚೆರ್ಲು ಎರಡರಲ್ಲೂ ಪಾಸು. ಸಫಾರಿಯಲ್ಲೂ ಪಾಸು. ಅಕ್ಷರದ ಪ್ರಶ್ನೆ ಮುಗಿದಿರುವುದರಿಂದ ಈಗ ಅವರವರ ಅಗತ್ಯ ನೋಡಬಹುದು. ಇಡೀ ದಿನ ಗೂಗಲ್ ಖಾತೆಯಲ್ಲೇ ಬದುಕುವವರಿಗೆ, ಬೇರೆ ಭಾಷೆಯ ಪುಟವನ್ನು ಕನ್ನಡಕ್ಕೆ ತಿರುಗಿಸಿ ನೋಡಬೇಕೆನ್ನುವವರಿಗೆ ಕ್ರೋಮ್ ಅನುಕೂಲ. ಪುಟವನ್ನು ಗಟ್ಟಿಯಾಗಿ ಓದಿ ಹೇಳಿಸಲು ಎಡ್ಜ್ ಚೆನ್ನಾಗಿದೆ, ಅದರ ಕನ್ನಡದ ದನಿ ಕೇಳುವ ಹಾಗಿದೆ. ಕಣ್ಣು ಮಂಜಾದ ಅಮ್ಮ-ಅಪ್ಪಂದಿರಿಗೆ ಒಮ್ಮೆ ಹಾಕಿಕೊಡಿ. ಹಿಂದೆ ಬಿದ್ದು ಬರುವ ಜಾಹೀರಾತಿನವರಿಂದ ತಪ್ಪಿಸಿಕೊಳ್ಳಲು ಫೈರ್‌ಫಾಕ್ಸ್ ಅಥವಾ ಬ್ರೇವ್. ಸ್ವಯಂಸೇವಕರು ಒಂದೊಂದೇ ಮೆನುವನ್ನು ಕನ್ನಡಕ್ಕೆ ತಂದ ಬ್ರೌಸರ್ ಬೇಕೆಂದರೆ ಫೈರ್‌ಫಾಕ್ಸ್.

ಸಂಕಟದ ಸುದ್ದಿಯೂ ಒಂದಿದೆ. ಹೆಸರು ಹತ್ತಾರಿದ್ದರೂ ಒಳಗಿರುವ ಎಂಜಿನ್ ಮೂರೇ. ಕ್ರೋಮ್, 2020ರಿಂದ ಎಡ್ಜ್, ಒಪೇರಾ, ಬ್ರೇವ್, ಎಲ್ಲದರ ಬಾನೆಟ್ ಎತ್ತಿದರೆ ಗೂಗಲ್ಲಿನ ಬ್ಲಿಂಕ್ ಎಂಜಿನ್. ಸಫಾರಿಗೆ ಆಪಲ್ಲಿನ ವೆಬ್‌ಕಿಟ್, ಫೈರ್‌ಫಾಕ್ಸಿಗೆ ತನ್ನದೇ ಗೆಕ್ಕೊ. ಎದುರಾಳಿ ಇಲ್ಲದಾಗ ಎಕ್ಸ್‌ಪ್ಲೋರರ್ ಐದು ವರ್ಷ ಮಲಗಿತು ಅನ್ನುವುದನ್ನು ಆಗಲೇ ಹೇಳಿದೆ. ಪುಟ ಬರೆಯುವವರು ನಾವೇ, ಅಂದರೆ ಈ ಪುಸ್ತಕ ಓದುತ್ತಿರುವ ನೀವು ಮತ್ತು ನಾನು. ಗಡುವಿನ ಒತ್ತಡದಲ್ಲಿ ಕ್ರೋಮಿನಲ್ಲಿ ಒಮ್ಮೆ ನೋಡಿ, "ವರ್ಕ್ ಆಗ್ತಿದೆ, ರಿಲೀಸ್ ಮಾಡಿ" ಅಂದಾಗೆಲ್ಲ ಹಳೆಯ ಎಕ್ಸ್‌ಪ್ಲೋರರಿನ ಸಾಲನ್ನೇ ಹೆಸರು ಬದಲಿಸಿ ಬರೆಯುತ್ತಿರುತ್ತೇವೆ. ನಾನೂ ಬರೆದಿದ್ದೇನೆ. ಅದರ ಬಿಸಿ ತಟ್ಟುವುದು ನಮ್ಮ ಮ್ಯಾನೇಜರಿಗಲ್ಲ, ಹಳೆ ಫೋನ್ ಹಿಡಿದು ಅಂಗಡಿಯ ಮುಂದೆ ನಿಂತವರಿಗೆ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಅಪ್ಪ ಜಗುಲಿಯ ಮೇಲೆ ಕೂತು ಫೋನಿನಲ್ಲಿ ಪಹಣಿ ತೆರೆದಿದ್ದರು. ಬ್ರೌಸರ್ ಅನ್ನುವ ಮಾತು ಅವರಿಗೆ ಗೊತ್ತಿಲ್ಲ, ಅವರ ಪಾಲಿಗೆ ಅದು ಬಣ್ಣದ ಚಕ್ರ. ಎರಡು ಬೆರಳಿನಲ್ಲಿ ಹಿಗ್ಗಿಸಿ ಓದುತ್ತಾ ಓದುತ್ತಾ ಒಂದು ಕಡೆ ನಿಂತರು. "ನೋಡ್ಲಾ ಮಗಾ, ನಿನ್ ಚಿಕ್ಕಪ್ಪನ ಹೆಸ್ರಾಗೆ ದೊಡ್ಡ ಧ ಬರ್ಬೇಕು, ಸಣ್ಣ ದ ಹಾಕವ್ರೆ. ನಾಳೀಕೆ ತಿದ್ದುಪಡಿಗೆ ಕೊಟ್ ಬರಾಣ."

ಇದು ಕಂಪ್ಯೂಟ್ರು ತೋರ್ಸೋ ರೀತಿಯೋ, ನಿಜವಾಗಲೂ ತಪ್ಪೋ ಅಂತ ಅವರು ಯಾರನ್ನೂ ಕೇಳಲಿಲ್ಲ. ಮರುದಿನ ಅಂಗಡಿಗೆ ಹೋಗಿ ಅರ್ಜಿ ಪ್ರಿಂಟ್ ಹಾಕಿಸಿದೆವು. ಕೈಗೆ ಬಂದ ಹಾಳೆಯನ್ನು ಅಪ್ಪ ಕಣ್ಣಿನ ಹತ್ತಿರ ಹಿಡಿದು, ತಮ್ಮ ಹೆಸರಿನ ಕೊನೆಗೆ ಬೆರಳಿಟ್ಟು, 'ಪ್ಪ' ನೆಟ್ಟಗಿದೆಯಾ ಅಂತ ನೋಡಿದರು. ಆಮೇಲೆ ಜೇಬಿನಿಂದ ದುಡ್ಡು ತೆಗೆದರು.